ಜಾಮೀನು ನಿಂತ ಸರಕಾರಕ್ಕೆ ಹೋಳಿಗೆ ಊಟ

ನಮ್ಮ ಮನೆಯವರಿಗೆ ಜಾಮೀನು ನಿಲ್ಲಲು ಊರಲ್ಲಿ ಮನುಷ್ಯರು ಯಾರೂ ಉಳಿದಿರಲಿಲ್ಲ. ಕೊನೆಗೆ ಸರಕಾರವೇ ಬರಬೇಕಾಯಿತು.

ಮನೆಯವರೆಂದರೆ ನನ್ನ ಗಂಡ ಸೋಮಲಿಂಗ. ಕೆಟ್ಟ ಮನುಷ್ಯ ಅಲ್ಲ. ಕುಡಿಯುವುದು ಗೊತ್ತಿಲ್ಲ, ಮೋಸ ಗೊತ್ತಿಲ್ಲ, ಲೆಕ್ಕವೂ ಗೊತ್ತಿಲ್ಲ. ಮೊದಲು ಕೋಳಿ ಸಾಕಿದರು. ಒಂದೊಂದು ಕೋಳಿಗೂ ಒಂದೊಂದು ಹೆಸರಿಟ್ಟರು. ಹೆಸರಿಟ್ಟ ಮೇಲೆ ಮಾರುವುದು ಹೇಗೆ? ಕೋಳಿಗಳು ನಮ್ಮ ಮನೆಯಲ್ಲೇ ಮುದುಕಿಯರಾಗಿ, ನೆಂಟರ ಹಾಗೆ ಒಂದೊಂದಾಗಿ ತೀರಿಕೊಂಡವು. ಆಮೇಲೆ ಬಸ್ ಸ್ಟ್ಯಾಂಡಿನಲ್ಲಿ ಗೋಬಿ ಮಂಚೂರಿ ಗಾಡಿ ಹಚ್ಚಿದರು. ಹಸಿದವರಿಗೆ ಪುಕ್ಕಟೆ, ಪರಿಚಯದವರಿಗೆ ಉದ್ರಿ. ಶಿರೂರು ದಾಟಿ ಒಳಗೆ ಬಂದರೆ ಸಿಗುವ ನಮ್ಮ ಸಣ್ಣ ಊರಲ್ಲಿ ಎಲ್ಲರೂ ಪರಿಚಯದವರೇ. ಉಳಿದವರು ಹಸಿದವರು.

ಎರಡೂ ಸಾಲಕ್ಕೆ ಜಾಮೀನು ನಿಂತವರು ಎದುರು ಮನೆಯ ಲಕ್ಷ್ಮಪ್ಪ ಕಾಕಾ. ಅವರ ಹೊಲದ ಕಾಗದ ಸ್ವಚ್ಛ, ಸಹಿ ಚಂದ, ಹಸಿವು ಜೋರು. ಜಾಮೀನು ನಿಂತವರಿಗೆ ನಮ್ಮ ಓಣಿಯಲ್ಲಿ ಒಂದು ಮರ್ಯಾದೆ ಉಂಟು. ಸಾಲದ ದುಡ್ಡು ಕೈಗೆ ಬರುವ ಮೊದಲು ಅವರನ್ನು ಮನೆಗೆ ಕರೆದು, ಮಣೆ ಹಾಕಿ ಕೂರಿಸಿ, ಹೋಳಿಗೆ ತುಪ್ಪದ ಊಟ ಹಾಕಬೇಕು. ಹೆಗಲಿಗೆ ಟವೆಲ್ಲು ಹೊದಿಸಬೇಕು. ಅವರ ಹೆಂಡತಿಗೆ ಸೀರೆ ಕೊಟ್ಟು ಉಡಿ ತುಂಬಬೇಕು. ಸುತ್ತಲಿನ ಓಣಿಗಳಿಗೆಲ್ಲ ಜಾಮೀನು ನಿಂತು ನಿಂತು ಕಾಕಾನ ಹೊಟ್ಟೆ ಮುಂದೆ ಬಂದಿತ್ತು. ಟವೆಲ್ಲು ಇಡಲು ಟ್ರಂಕು ಸಾಲುತ್ತಿರಲಿಲ್ಲ.

ಆದರೆ ಕೋಳಿಯ ನೋಟೀಸೂ ಗೋಬಿಯ ನೋಟೀಸೂ ತಮ್ಮ ಮನೆಗೇ ಬಂದಾಗ ಕಾಕಾ ಓಣಿಯ ನಡುವೆ ನಿಂತು ಬೀರಪ್ಪನ ಆಣೆ ಮಾಡಿದರು.

"ಈ ಸೋಮ್ಯಾನ ಕಾಗದಕ್ಕ ಇನ್ನ ನನ್ನ ಪೆನ್ನ ಮುಟ್ಟೂದಿಲ್ಲ! ಇವನ ಕ್ವಾಳಿ ತಾವು ಹೆಸರ ಇಟ್ಕೊಂಡ ಸತ್ತೂ, ನನ್ನ ಹೆಸರ ಕೆಡಿಸಿ ಸತ್ತೂ!"

ಆ ಎರಡೂ ಸಾಲವನ್ನು ನಾನು ಖಡಕ್ ರೊಟ್ಟಿ ಬಡಿದು ಮಾರಿ ತೀರಿಸಿದೆ. ಅದು ಬೇರೆ ಮಾತು.

ಈ ಸಲ ಇವರಿಗೆ ಹೊಳೆದದ್ದು ಶ್ಯಾವಿಗೆ ಮಷೀನು. ಖರೆ ಹೇಳಬೇಕೆಂದರೆ ಹೊಳೆದದ್ದು ನನಗೆ. ನಾನು ಹೇಳಿದ್ದು ಒಂದು ವಾರ ಕಳೆದ ಮೇಲೆ ಇವರಿಗೆ ತಾನಾಗಿಯೇ ಹೊಳೆಯುತ್ತದೆ. ನಮ್ಮೂರ ಹೆಂಗಸರು ಶ್ಯಾವಿಗೆಗಾಗಿ ಹಿಟ್ಟಿನ ಡಬ್ಬಿ ಹೊತ್ತು, ಟೆಂಪೋ ಹಿಡಿದು ಅಮೀನಗಡಕ್ಕೆ ಹೋಗಿ, ಪಾಳಿ ಹಚ್ಚಿ ಕೂತು, ಸಂಜೆ ಸೊಂಟ ಹಿಡಿದುಕೊಂಡು ಬರುತ್ತಾರೆ. ಶಿವರಾತ್ರಿ ಮುಗಿದು ಬಿಸಿಲು ಬಿದ್ದರೆ ಶ್ಯಾವಿಗೆ ಹಂಗಾಮು. ಮಳೆ ಬಂದರೆ ಮುಗಿಯಿತು. ಈ ವರ್ಷ ಯುಗಾದಿಯೂ ರಮ್ಜಾನ್ ಹಬ್ಬವೂ ಬೆನ್ನಿಗೆ ಬೆನ್ನು ಹಚ್ಚಿ ಬಂದಿದ್ದವು. ಒಬ್ಬರಿಗೆ ಪಾಯಸಕ್ಕೆ, ಇನ್ನೊಬ್ಬರಿಗೆ ಹಾಲಿನ ಸುರಕುಂಬಾಕ್ಕೆ, ಎಲ್ಲರಿಗೂ ಶ್ಯಾವಿಗೆ ಬೇಕು. ಹಬ್ಬಕ್ಕೆ ಮೊದಲು ಮಷೀನು ಬಂದರೆ ಈ ವರ್ಷವೇ ನಮ್ಮ ಕಾಲಿಗೆ ನೆಲ ಸಿಗುತ್ತದೆ. ತಪ್ಪಿದರೆ ಮುಂದಿನ ವರ್ಷದವರೆಗೆ ಅದೇ ರೊಟ್ಟಿ, ಅದೇ ನನ್ನ ರಟ್ಟೆ.

ಬ್ಯಾಂಕಿಗೆ ನಾನೂ ಜೊತೆಗೆ ಹೋದೆ. ಹೊಸದಾಗಿ ಬಂದ ಮ್ಯಾನೇಜರು ಜುಲೇಖಾ ಮೇಡಂ, ವಿಜಯಪುರದ ಕಡೆಯವರು. ಮಾತು ಚುಟುಕು.

"ಈ ಯೋಜನೆದಾಗ ಜಾಮೀನದಾರರು ಬೇಕಾಗಿಲ್ರಿ. ಆಸ್ತಿನೂ ಒತ್ತಿ ಇಡೂದಿಲ್ಲ. ಸರಕಾರದ ಗ್ಯಾರಂಟಿ ಇರತೈತಿ," ಎಂದರು.

ಇವರು ಕುರ್ಚಿಯಿಂದ ಅರ್ಧ ಎದ್ದರು. "ಅಂದ್ರ ನನಗ ಸರಕಾರ ಜಾಮೀನ ನಿಲ್ಲತೈತೇನ್ರಿ?"

"ಹಂಗ ತಿಳ್ಕೋರಿ."

ಬ್ಯಾಂಕಿನವರು ಯಾವತ್ತೂ ನಮ್ಮಂಥವರಿಗೆ 'ಹಂಗ ತಿಳ್ಕೋರಿ' ಅನ್ನಬಾರದು. ನಾವು ತಿಳಿದುಕೊಂಡುಬಿಡುತ್ತೇವೆ.

"ಸರಕಾರಕ್ಕ ನನ್ನ ಗುರುತ ಐತೇನ್ರಿ?"

"ನಿಮ್ಮ ಆಧಾರ ಕಾರ್ಡ ಐತಲ್ರಿ. ಹಬ್ಬದ ಮೊದಲ ಬಂದ ಸಹಿ ಮಾಡ್ರಿ. ದುಡ್ಡ ಸೀದಾ ಇಳಕಲ್ಲಿನ ಮಷೀನ ಅಂಗಡಿಗೆ ಹೋಗತೈತಿ."

ಹೊರಗೆ ಬಂದಾಗ ಇವರ ಕಣ್ಣು ಒದ್ದೆಯಾಗಿತ್ತು. "ನೋಡ ಲಲಿತಾ. ದಿನಾ ಮಾರಿ ನೋಡಾವ್ರು ಯಾರೂ ನಿಲ್ಲಲಿಲ್ಲ. ಒಂದ ದಿನಾನೂ ಮಾರಿ ನೋಡದಾಂವ ಬಂದ ನಿಂತ."

ಆ ದಿನ ಇವರು ಓಣಿಯಲ್ಲಿ ನಡೆದ ರೀತಿಯೇ ಬೇರೆ. ಬೆನ್ನಿಗೆ ಯಾರೋ ದೊಡ್ಡವರು ನಿಂತಿದ್ದಾರೆ ಎನ್ನುವಂತೆ ಸ್ವಲ್ಪ ಹಿಂದಕ್ಕೆ ವಾಲಿಕೊಂಡು ನಡೆದರು. ಕಟ್ಟೆಯ ಮೇಲೆ ಕೂತಿದ್ದ ಲಕ್ಷ್ಮಪ್ಪ ಕಾಕಾನ ಮುಂದೆ ಬೇಕಂತಲೇ ನಿಂತರು.

"ಕಾಕಾ, ನಿಮ್ಮ ಪೆನ್ನ ಜ್ವಾಪಾನ ಇಟ್ಕೋರಿ. ನನಗ ಈಗ ಸರಕಾರನ ಜಾಮೀನ ನಿಂತೈತಿ."

ಕಾಕಾನ ಮುಖ ಸಣ್ಣದಾಯಿತು. ಆಣೆ ಮಾಡಿದ್ದು ಖರೆ, ಆದರೆ ತಮ್ಮ ಜಾಗಕ್ಕೆ ಇನ್ನೊಬ್ಬರು ಬಂದು ಕೂಡುತ್ತಾರೆಂದು ಅವರು ಎಣಿಸಿರಲಿಲ್ಲ. ಇವತ್ತು ಸೋಮಲಿಂಗನಿಗೆ ಸರಕಾರ ನಿಂತಿತು, ನಾಳೆ ಎಲ್ಲರಿಗೂ ನಿಂತರೆ? ಹೋಳಿಗೆಯ ಗತಿ ಏನು?

ಅವರು ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿ ನಿಧಾನಕ್ಕೆ ಕೇಳಿದರು: "ಉಣಿಸಿದ್ಯೇನು?"

"ಯಾರಿಗೆ?"

"ಜಾಮೀನದಾರಗ, ಲೇ. ಸರಕಾರಕ್ಕ."

"ಸರಕಾರಕ್ಕ ಹ್ಯಾಂಗ ಉಣಿಸೂದು ಕಾಕಾ?"

"ಅದು ನನಗೇನ ಗೊತ್ತು? ನಿನ್ನ ಜಾಮೀನದಾರ. ಆದ್ರ ಒಂದ ಹೇಳ್ತೇನಿ. ಉಪ್ಪ ಉಣ್ಣದವನ ಜಾಮೀನ ಗಟ್ಟಿ ಇರೂದಿಲ್ಲ. ನಾಳೆ ಅಂವ ಹಿಂದ ಸರದ್ರ ಮಷೀನ ನಡಬರಕ ನಿಲ್ಲತೈತಿ. ನಂದೇನಪಾ, ನಾ ಹೊರಗಿನಾಂವ."

ಇಷ್ಟು ಹೇಳಿ ಅವರು ಮತ್ತೆ ಅಗಿಯತೊಡಗಿದರು. ಇವರು ವಾಲುವುದು ಬಿಟ್ಟು ನೆಟ್ಟಗಾಗಿ ಮನೆಗೆ ಬಂದರು.

ನಮ್ಮ ಮನೆಯಲ್ಲಿ ರೀತಿ ರಿವಾಜಿನ ಖಾತೆ ನನ್ನ ಅತ್ತೆ ಸಾವಂತ್ರವ್ವನವರದು. ಎಲ್ಲ ಕೇಳಿ ಅವರು ಹಣೆ ಬಡಿದುಕೊಂಡರು.

"ಲಕ್ಷ್ಮಪ್ಪ ಖರೇನ ಹೇಳ್ಯಾನ! ನಿಮ್ಮಪ್ಪ ಜೋಡೆತ್ತ ತಂದಾಗ ಜಾಮೀನದಾರ ಉಂಡ ಕೈ ತೊಳಕೊಳ್ಳೂಮಟ ನಾವು ಹಗ್ಗಾ ಮುಟ್ಟಿರಲಿಲ್ಲ. ಮಾರಿ ಗುರ್ತ ಇರದ ಮಂದಿ ನಿನ್ನ ಬೆನ್ನಿಗೆ ನಿಂತಾರ, ಅವರಿಗೆ ಒಂದ ಹೋಳಿಗಿ ಇಲ್ಲಂದ್ರ ಹ್ಯಾಂಗ? ಉಣಿಸದ ಸಹಿ ಮಾಡಿದ್ರ ಆ ಮಷೀನ ನನ್ನ ಹೊಸಲಾ ದಾಟೂದಿಲ್ಲ."

"ಯವ್ವಾ, ಸರಕಾರ ಅಂದ್ರ ಯಾರ ಅಂತ ಕರೀಲಿ?"

"ಊರಾಗ ಸರಕಾರದವ್ರು ಯಾರೂ ಇಲ್ಲೇನು? ಇದ್ದವ್ರನ್ನ ಕರಿ. ಹೇಂತಿನ್ನೂ ಕರಕೊಂಡ ಬಾ ಅನ್ನು. ಉಡಿ ತುಂಬೂದೈತಿ."

"ಅತ್ತಿ, ಸರಕಾರಕ್ಕ ಹೇಂತಿ ಇರೂದಿಲ್ರಿ," ಎಂದೆ.

"ಯಾಕ? ಇಷ್ಟ ಮಂದಿಗೆ ಜಾಮೀನ ನಿಲ್ಲಾವಗ ಹೆಣ್ಣ ಕೊಡಲಿಲ್ಲೇನ ಯಾರೂ?"

ನಾನು ಮತ್ತೆ ರೊಟ್ಟಿ ಬಡಿಯತೊಡಗಿದೆ. ಸಣ್ಣ ಮಕ್ಕಳು ಮಣ್ಣಿನಲ್ಲಿ ಮನೆ ಕಟ್ಟುವಾಗ ಬಾಗಿಲು ಈ ಕಡೆ ಬರಬೇಕು ಅನ್ನಬಾರದು. ಕಟ್ಟಿ ಮುಗಿಸಿದ ಮೇಲೆ ಅವರಿಗೇ ಒಳಗೆ ಹೋಗಲು ಬರದೆ ಗೊತ್ತಾಗುತ್ತದೆ.

ನಮ್ಮೂರಲ್ಲಿ ಸರಕಾರ ಅಂದರೆ ಆನಂದ ಸಾಹೇಬರು. ಗ್ರಾಮ ಆಡಳಿತ ಅಧಿಕಾರಿ. ಮಂಡ್ಯ ಕಡೆಯ ತರುಣ. ನೌಕರಿ ಹೊಸದು, ಅಂಜಿಕೆ ಹಳೆಯದು. ಆ ವಾರವೇ ಎಲ್ಲೋ ದೂರದ ಜಿಲ್ಲೆಯಲ್ಲಿ ಒಬ್ಬ ನೌಕರ ಲಂಚ ತೆಗೆದುಕೊಳ್ಳುವಾಗ ಲೋಕಾಯುಕ್ತರ ಕೈಗೆ ಸಿಕ್ಕಿಬಿದ್ದ ಸುದ್ದಿ ಎಲ್ಲರ ಮೊಬೈಲಿನಲ್ಲಿ ಓಡಾಡುತ್ತಿತ್ತು. ನೋಟಿಗೆ ಬಿಳಿ ಪುಡಿ ಸವರಿ ಕೊಡುತ್ತಾರಂತೆ, ಮುಟ್ಟಿದವನ ಕೈ ತೊಳೆಸಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದಂತೆ, ಅಲ್ಲಿಗೆ ನೌಕರಿ ಮುಗಿಯಿತಂತೆ.

ಇವರು ಹೋಳಿಗೆಯ ಹಿಟ್ಟು ಸೋಸುತ್ತಿದ್ದವರು ಹಾಗೇ ಎದ್ದು ಹೋದರು. ಮೊಣಕೈವರೆಗೆ ಬಿಳಿ ಹಿಟ್ಟು. ಕೈಯಲ್ಲೊಂದು ಚೀಲ, ಅದರಲ್ಲಿ ಟವೆಲ್ಲು, ತೆಂಗಿನಕಾಯಿ. ಮುಂದಿನದನ್ನು ನಾನು ಕಾಕಾನಿಂದ ಕೇಳಿದ್ದು. ಅವರು ಆಗ ಕಚೇರಿಯ ಕಿಟಕಿಯಲ್ಲಿ ಇಣುಕುತ್ತಿದ್ದರು.

"ಸಾಹೇಬ್ರ, ನೀವು ಸರಕಾರ ಹೌದಲ್ರಿ?"

"ಹೌದು... ಅಂದ್ರೆ, ಸರ್ಕಾರಿ ನೌಕರ. ಏನಾಗ್ಬೇಕಿತ್ತು?"

"ಆಗಬೇಕಾದ್ದು ಎಲ್ಲಾ ಆಗೇತ್ರಿ. ನೀವು ನನಗ ಭಾಳ ದೊಡ್ಡ ಉಪಕಾರ ಮಾಡೀರಿ. ಅದಕ್ಕ ನಿಮ್ಮನ್ನ ಹಂಗ ಬಿಡಾಕ ಬರೂದಿಲ್ಲ." ಇವರು ಚೀಲ ಮುಂದೆ ಹಿಡಿದರು. "ಇದನ್ನ ಕೈಯಾರ ತಗೋರಿ. ಉಳದದ್ದು ಮನ್ಯಾಗ ಕೊಡ್ತೇವಿ."

ಆನಂದ ಸಾಹೇಬರು ಚೀಲ ನೋಡಿದರು. ಚೀಲ ಹಿಡಿದ ಕೈಯ ಬಿಳಿ ಪುಡಿ ನೋಡಿದರು. ಕಿಟಕಿಯಲ್ಲಿ ಇಣುಕುತ್ತಿದ್ದ ದೊಡ್ಡ ಮುಖ ನೋಡಿದರು.

"ಯಾರ್ರೀ ಅದು? ನಾನು ಏನೂ ಕೇಳಿಲ್ಲ! ಏನೂ ಮುಟ್ಟಿಲ್ಲ! ನನ್ನ ಮದುವೆ ಗೊತ್ತಾಗಿದೆ ರೀ!"

"ಹೌದ್ರಿ? ಹಂಗಾರ ಅವರನ್ನೂ ಕರಕೊಂಡ ಬರ್ರಿ, ಅವರಿಗೂ ಕೊಡೂದೈತಿ!"

ಆ ಮಾತಿಗೆ ಸಾಹೇಬರು ಎರಡೂ ಕೈ ಮೇಲೆತ್ತಿದರು. ಮೊಣಕೈಯಿಂದ ಬಾಗಿಲು ತೆರೆದು, ಒಂದೇ ಚಪ್ಪಲಿಯಲ್ಲಿ ಸ್ಕೂಟರ್ ಹತ್ತಿ ಬಾಗಲಕೋಟೆಯ ದಿಕ್ಕಿಗೆ ಹೋಗಿಬಿಟ್ಟರು. ಇವರು ಉಳಿದೊಂದು ಚಪ್ಪಲಿ ಹಿಡಿದು ಬೆನ್ನಟ್ಟಿ ಸಾಕಾಗಿ ಮನೆಗೆ ಬಂದರು.

"ಭಾಳ ನಾಚಿಕಿ ಸ್ವಭಾವದ ಸರಕಾರ ಅದು, ಲಲಿತಾ," ಎಂದರು.

ಮರುದಿನದಿಂದ ನಮ್ಮೂರಲ್ಲಿ ಸೋಜಿಗ ಶುರುವಾಯಿತು. ವರ್ಷಗಟ್ಟಲೆ ಮಲಗಿದ್ದ ಅರ್ಜಿಗಳು ತಾವಾಗಿ ಎದ್ದು ಕೂತವು. ಪಕ್ಕದ ಮನೆಯ ಲಾಡಬಿಯ ಪಿಂಚಣಿ ಬಂತು. ಓಣಿಯ ನಲ್ಲಿ ದುರಸ್ತಿಯಾಯಿತು. ಲಕ್ಷ್ಮಪ್ಪ ಕಾಕಾನ ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, 'ಲಕ್ಷ್ಮವ್ವ' ಎಂದಾಗಿದ್ದದ್ದು ಮತ್ತೆ ಗಂಡಸಾಯಿತು. ಕಚೇರಿಯಲ್ಲಿ ಆನಂದ ಸಾಹೇಬರು ಬಂದವರಿಗೆಲ್ಲ ಎದ್ದು ನಿಂತು ನಮಸ್ಕರಿಸುತ್ತಿದ್ದರಂತೆ, ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು.

ಸುದ್ದಿ ತಾನಾಗಿ ಹುಟ್ಟಿತು: ಸೋಮಲಿಂಗ ಲೋಕಾಯುಕ್ತದ ಗುಪ್ತ ಮನುಷ್ಯ! ಕೋಳಿ, ಗೋಬಿ ಎಲ್ಲ ಬರೇ ವೇಷ! ಇವರು ಬಂದರೆ ಕಟ್ಟೆಯಲ್ಲಿ ಬೀಡಿ ಆರುತ್ತಿತ್ತು. ಕಿರಾಣಿ ಅಂಗಡಿಯವನು ತೂಕದ ತಕ್ಕಡಿಯನ್ನು ತಾನೇ ಎರಡು ಸಲ ಅಲ್ಲಾಡಿಸಿ ತೋರಿಸುತ್ತಿದ್ದ. ಲಾಡಬಿ ನನ್ನ ಕಿವಿಯಲ್ಲಿ ಕೇಳಿದಳು: "ಯಾಕವಾ ಲಲಿತಾ, ಪಗಾರ ಎಷ್ಟ ಕೊಡ್ತಾರ? ಅಷ್ಟ ದೊಡ್ಡ ನೌಕರಿ ಇಟ್ಕೊಂಡ ನಿನ್ನ ಕಡಿಂದ ರೊಟ್ಟಿ ಬಡಿಸ್ತಾನಲ್ಲ, ಮೂಳ!"

ಇವರಿಗೆ ಮಾತ್ರ ಏನೂ ತಿಳಿಯಲಿಲ್ಲ. "ನೋಡ, ನನಗ ಒಬ್ಬಾವಗ ಜಾಮೀನ ನಿಂತದ್ದಕ್ಕ ಊರಿಗೆಲ್ಲಾ ಬರಕತ್ತ ಆಗೇತಿ. ಎಂಥಾ ಕಾಲ್ಗುಣಾ ಸರಕಾರದ್ದು!"

ಉಡಿಗೆ ಸೀರೆ ತರಲು ಅತ್ತೆ ಇವರನ್ನು ಇಳಕಲ್ಲಿಗೆ ಕಳಿಸಿದರು. ಸೀರೆಯ ಅಂಗಡಿ ಅಂದರೆ ನಾನೂ ಹೋದೆ. ಅಷ್ಟು ಮಟ್ಟಿಗೆ ನಾನೂ ಮನುಷ್ಯಳೇ. ಅಂಗಡಿಯ ಅಹ್ಮದಸಾಬರು ಸೀರೆ ಹಾಸುತ್ತ ಕೇಳಿದರು.

"ಯಾರಿಗ್ರಿ? ವಯಸ್ಸೆಷ್ಟು? ಮೈಬಣ್ಣಾ ಹೆಂಗೈತಿ?"

"ಸರಕಾರದ ಹೇಂತಿಗೆ ರಿ."

ಅಹ್ಮದಸಾಬರು ಅಂಥ ಗಿರಾಕಿಯನ್ನು ನೋಡಿರಲಿಲ್ಲ. ಆದರೆ ವ್ಯಾಪಾರಿ ಮನುಷ್ಯ, ಗಿರಾಕಿಯ ಮಾತಿಗೆ ಇಲ್ಲ ಅನ್ನುವವರಲ್ಲ.

"ರಾಜ್ಯ ಸರಕಾರದ್ದೋ, ಕೇಂದ್ರದ್ದೋ?"

ಇವರು ನನ್ನ ಮುಖ ನೋಡಿದರು. ನಾನು ಸೀರೆ ನೋಡಿದೆ.

"ದೊಡ್ಡದ್ದ ಇರಬೇಕ್ರಿ. ಗುರುತ ಇಲ್ಲದವ್ರಿಗೆಲ್ಲಾ ಜಾಮೀನ ನಿಲ್ಲತೈತಿ."

"ಹಂಗಾರ ಟೋಪ ತೆನಿ ಸೆರಗಿಂದ ಒಯ್ರಿ. ಗುಡಿಯ ಗೋಪುರದ ಹಂಗ ಏಳತೈತಿ. ಬಣ್ಣಾ ದಾಳಿಂಬ್ರಿ ಕೆಂಪು. ಯಾವ ಪಕ್ಷದವ್ರು ಬಂದ್ರೂ ನಡೀತೈತಿ. ಮನಸಿಗೆ ಬರಲಿಲ್ಲಂದ್ರ ವಾಪಸ ತರ್ರಿ, ಆದ್ರ ಅವರ ಕಡಿಂದ ಬಂದ ಚೀಟಿ ಬೇಕಾಗತೈತಿ."

ಸೀರೆ ಕೊಂಡು ಮನೆಗೆ ಬರುವಷ್ಟರಲ್ಲಿ ಬ್ಯಾಂಕಿನಿಂದ ಫೋನು. ಜುಲೇಖಾ ಮೇಡಂ ದನಿ ಮೊದಲಿನಂತಿರಲಿಲ್ಲ.

"ಸೋಮಲಿಂಗ ಅವರ, ನಿಮ್ಮ ಬಗ್ಗೆ ಎರಡ ಸುದ್ದಿ ಬಂದಾವ. ಒಂದು, ನೀವು ಅಧಿಕಾರಿಗಳಿಗೆ ಉಡುಗೊರಿ ಹಂಚಾಕತ್ತೀರಂತ. ಎರಡನೇದು, ನೀವು ಲೋಕಾಯುಕ್ತದವ್ರಂತ. ಮೊದಲನೇದ್ದು ಖರೆ ಇದ್ರ ಸಾಲ ಕೊಡಾಕ ಬರೂದಿಲ್ಲ. ಎರಡನೇದ್ದು ಖರೆ ಇದ್ರ ಕೊಡಾಕ ಅಂಜಿಕಿ ಬರತೈತಿ. ನಿಮ್ಮ ಸಹಿ ತಡದೇನಿ. ಸೋಮವಾರ ನಾನ ಬಂದ ಮನಿ ನೋಡಿ, ಓಣ್ಯಾಗ ವಿಚಾರಿಸಿ ತೀರ್ಮಾನ ಮಾಡ್ತೇನಿ."

ಹಬ್ಬಕ್ಕೆ ಇನ್ನು ದಿನ ಹೆಚ್ಚಿರಲಿಲ್ಲ. ಓಣಿಯ ಹೆಂಗಸರೆಲ್ಲ ನಮ್ಮ ಮಷೀನು ನಂಬಿ ಗೋಧಿ ತೋಯಿಸಿ, ಒಣಗಿಸಿ, ಹಿಟ್ಟು ಮಾಡಿಸಿ ಇಟ್ಟಿದ್ದರು. ಇವರು ಮಾತ್ರ ಫೋನು ಎದೆಗೆ ಒತ್ತಿಕೊಂಡು ಕುಣಿದರು.

"ಯವ್ವಾ! ನಾವು ಸರಕಾರ ಹುಡಕ್ಕೋಂತ ತಿರಗಾಕತ್ತಿದ್ವಿ. ಸರಕಾರನ ಮನಿಗೆ ಬರಾಕತ್ತೈತಿ! ಹೆಣ್ಮಗಳ ಐತಿ! ಉಡಿದೂ ಚಿಂತಿಲ್ಲ!"

ಸೋಮವಾರ ಬಂತು. ಅತ್ತೆ ಬೆಳಗಿನ ಜಾವವೇ ಎದ್ದು ಪಡಸಾಲೆ ಸಾರಿಸಿ, ರಂಗೋಲಿ ಹಾಕಿ, ನಡುವೆ ಒಂದು ಮಣೆ ಇಟ್ಟರು. ಮುಂದೆ ಬಾಳೆ ಎಲೆ. ನಾನು ಒಲೆಯ ಮುಂದೆ. ಹೂರಣದ ವಾಸನೆಗೆ ಇಡೀ ಓಣಿ ನಮ್ಮ ಬಾಗಿಲಿಗೆ ಬಂದಿತ್ತು. ಸರಕಾರ ಉಣ್ಣುವುದನ್ನು ಯಾರೂ ನೋಡಿರಲಿಲ್ಲ. ಲಕ್ಷ್ಮಪ್ಪ ಕಾಕಾ ತಾವು ಹೊರಗಿನವರು ಎನ್ನುತ್ತಲೇ ಎಲ್ಲರಿಗಿಂತ ಮುಂದೆ ಒಳಗೆ ಬಂದು ಕಂಬಕ್ಕೆ ಒರಗಿ ಕೂತಿದ್ದರು.

ಜುಲೇಖಾ ಮೇಡಂ ಬಂದರು. ಹಿಂದೆ ಆನಂದ ಸಾಹೇಬರು, ದೂರು ಹೇಳಿದವರೆಂದು ಅವರನ್ನೂ ಕರೆತಂದಿದ್ದರು. ಸಾಹೇಬರ ಎರಡೂ ಕೈ ಪ್ಯಾಂಟಿನ ಕಿಸೆಯಲ್ಲಿ. ಲಾಡಬಿ ಸಲಾಮು ಹೇಳಿದರೂ ಹೊರಗೆ ಬರಲಿಲ್ಲ.

"ಈ ಎಲಿ ಯಾರಿಗೆ?" ಮೇಡಂ ಕೇಳಿದರು.

"ನಿಮಗ ರಿ. ಸರಕಾರಕ್ಕ," ಇವರು ಕೈ ಮುಗಿದರು. "ಜಾಮೀನ ನಿಂತೀರಿ. ನೀವು ಉಂಡ್ರ ನಾ ಸಹಿ ಮಾಡಾವ."

ಕೋಳಿ, ಗೋಬಿ, ಕಾಕಾ, ಟವೆಲ್ಲು, ಹಿಟ್ಟಿನ ಕೈ, ಸೀರೆ, ಎಲ್ಲವನ್ನೂ ಇವರು ಹಿಂದುಮುಂದಾಗಿ ಹೇಳಿದರು. ನಾನು ಒಳಗಿನಿಂದಲೇ ಮುಂದುಹಿಂದು ಮಾಡಿ ಜೋಡಿಸಿದೆ. ಕೇಳುತ್ತ ಕೇಳುತ್ತ ಮೇಡಂ ಮುಖದ ಗಂಟು ಸಡಿಲಾಯಿತು. ಆನಂದ ಸಾಹೇಬರು "ಹಾಗಾದ್ರೆ ಅದು ಬರೀ ಹಿಟ್ಟಾ?" ಎಂದು ಕೇಳಿ ಗೋಡೆಗೆ ಒರಗಿ ಉಸಿರು ಬಿಟ್ಟರು.

"ಅಮ್ಮಾ," ಮೇಡಂ ಅತ್ತೆಗೆ ಹೇಳಿದರು, "ನಂದು ರೋಜಾ ಐತಿ, ಉಣ್ಣಾಕ ಬರೂದಿಲ್ಲ. ಇರದಿದ್ರೂ ಸಾಲ ತಗೊಳ್ಳಾವ್ರ ಮನ್ಯಾಗ ನಾ ಉಣ್ಣೂದಿಲ್ಲ, ಸೀರಿನೂ ಮುಟ್ಟೂದಿಲ್ಲ. ಅಷ್ಟಕ್ಕೂ ನಾ ಜಾಮೀನದಾಕಿ ಅಲ್ಲ. ಜಾಮೀನ ನಿಮ್ಮ ಮಗಗೂ ಅಲ್ಲ, ಬ್ಯಾಂಕಿಗೆ. ಸಾಲ ಇವರ ತೀರಸಬೇಕು. ಅಕಸ್ಮಾತ್ ಇವರು ಮುಳಗಿಸಿದ್ರ, ಬ್ಯಾಂಕಿಗೆ ಆದ ನಷ್ಟದಾಗ ದೊಡ್ಡ ಪಾಲು ಸರಕಾರ ತುಂಬಿ ಕೊಡತೈತಿ. ಅಷ್ಟ."

"ಸರಕಾರ ಎಲ್ಲಿಂದ ತಂದ ತುಂಬತೈತಿ?" ಅತ್ತೆ ಬಿಡಲಿಲ್ಲ. "ಅವನ ಹೊಲಾ ಎಲ್ಲೈತಿ?"

"ಹೊಲಾ ಎಲ್ಲೀದು? ಜನರ ತೆರಿಗಿ ದುಡ್ಡ."

"ಯಾವ ಜನಾ?"

"ಎಲ್ಲಾರೂ. ನೀವು, ನಾವು. ಅಂಗಡ್ಯಾಗ ಒಂದ ಸಾಬೂನ ಕೊಂಡ್ರೂ ಅದರಾಗ ಒಂದಿಷ್ಟ ತೆರಿಗಿ ಇರತೈತಿ."

ಬಾಗಿಲಲ್ಲಿದ್ದ ಲಾಡಬಿ ಎದೆಗೆ ಕೈ ಇಟ್ಟುಕೊಂಡಳು.

"ಯಾ ಅಲ್ಲಾ! ನಿನ್ನಿ ಎರಡ ಸಾಬೂನ ತಂದೇನಿ ನಾನು!"

"ಅಂದ್ರ?" ಕಾಕಾ ಕಂಬ ಬಿಟ್ಟು ಎದ್ದರು. "ಅಂದ್ರ ಈ ಸೋಮ್ಯಾ ಮುಳಗಿದ್ರ ನಮ್ಮ ಸಾಬೂನಿನ ದುಡ್ಡ ಹೋಗೂದೇನು? ನಾ ಬೀರಪ್ಪನ ಆಣಿ ಮಾಡಿ ಪೆನ್ನ ಒಳಗಿಟ್ರೂ ಜಾಮೀನ ಮತ್ತ ನಾನ?"

"ನನ್ನ ಕೇಳದ ನನ್ನ ಯಾರ ನಿಲ್ಲಿಸಿದ್ರು?" ಬಾಗಿಲ ಗುಂಪಿನಿಂದ ಒಬ್ಬೊಬ್ಬರೇ ಕೂಗತೊಡಗಿದರು.

"ನಾ ಮೊನ್ನಿ ಫ್ಯಾನ ತಂದೆ! ಸಾಬೂನಿಗಿಂತಾ ಹೆಚ್ಚ ಸಿಕ್ಕೊಂಡೇನಿ ನಾನು!"

"ಮೇಡಂ, ಸಾಬೂನ ವಾಪಸ ಕೊಟ್ರ ಬಿಡಸ್ಕೊಳ್ಳಾಕ ಬರತೈತೇನ್ರಿ?"

ಇಷ್ಟು ವರ್ಷ ಇವರ ನೆರಳು ಬಿದ್ದರೆ ಪೆನ್ನು ಮುಚ್ಚಿಡುತ್ತಿದ್ದ ಓಣಿ, ಸಹಿ ಕೂಡ ಹಾಕದೆ ಒಟ್ಟಾಗಿ ಇವರಿಗೆ ಜಾಮೀನು ಬಿದ್ದಿತ್ತು. ಕೂಗಾಟಕ್ಕೆ ಛಾವಣಿಯ ಪಾರಿವಾಳ ಹಾರಿದವು. ಇವರು ಮೂಲೆಯಲ್ಲಿ ನಿಂತು ಎಲ್ಲರಿಗೂ "ಭಾಳ ಉಪಕಾರ ಆತ್ರಿ, ಭಾಳ ಉಪಕಾರ ಆತು" ಎಂದು ಕೈ ಮುಗಿಯುತ್ತಿದ್ದರು. ಅದು ಉರಿಯುವುದಕ್ಕೆ ಇನ್ನಷ್ಟು ಎಣ್ಣೆಯಾಯಿತು.

ಅತ್ತೆ ತಾಟಿಗೆ ಸೌಟು ಬಾರಿಸಿದರು. "ಸುಮ್ಮಕಿರ್ರಿ! ನನ್ನ ಹಿರೀರ ಕಾಲದಾಗೂ ಹಿಂಗ, ಈಗೂ ಹಂಗ. ಜಾಮೀನ ಬಿದ್ದವ್ರು ಕೂಡ್ರಿ. ಲಲಿತಾ, ಎಲಿ ಹಾಕು."

ಒಬ್ಬರಿಗೆ ಮಾಡಿದ ಅಡುಗೆ ಓಣಿಗೆ ಬಡಿಸುವುದು ಹೇಗೆಂದು ಯಾವ ಯೋಜನೆಯಲ್ಲೂ ಬರೆದಿಲ್ಲ. ನಾನು ಹೂರಣಕ್ಕೆ ಬೆಲ್ಲ ಕೂಡಿಸಿದೆ, ಕಣಕ ಎಳೆದೆ, ಹೋಳಿಗೆ ಎಷ್ಟು ತೆಳ್ಳಗಾದವೆಂದರೆ ಒಂದರ ಮೂಲಕ ಇನ್ನೊಂದು ಕಾಣುತ್ತಿತ್ತು. ಮೊದಲ ಎಲೆಗೆ ಲಕ್ಷ್ಮಪ್ಪ ಕಾಕಾ ಯಾರೂ ಕರೆಯುವ ಮೊದಲೇ ಕೂತರು: "ನಂದು ಮೂರನೇ ಸಲದ ಜಾಮೀನ. ಸೀನಿಯರ್ ಅದೇನಿ." ಆನಂದ ಸಾಹೇಬರು ಕೈಗಳನ್ನು ಕಿಸೆಯಿಂದ ತೆಗೆದು, ಎರಡು ಸಲ ತೊಳೆದು, ನೀರಿನ ಬಣ್ಣ ನೋಡಿಕೊಂಡು, ಸಮಾಧಾನವಾದ ಮೇಲೆ ಎಲೆಯ ಮುಂದೆ ಕೂತರು. ಲಾಡಬಿ ತನ್ನ ಪಾಲು ಸಂಜೆ ಉಪವಾಸ ಬಿಡುವಾಗ ಬೇಕೆಂದು ಡಬ್ಬಿ ತಂದಿಟ್ಟಳು. ಸೀರೆಯನ್ನು ಅತ್ತೆ ಕಾಕಾನ ಹೆಂಡತಿ ಬನಶಂಕರಿ ಕಾಕುವಿನ ಉಡಿಗೆ ಹಾಕಿದರು. ಓಣಿಯಲ್ಲಿ ಅವರನ್ನು ಈಗಲೂ 'ಸರಕಾರದ ಹೇಂತಿ' ಅನ್ನುತ್ತಾರೆ. ಅವರೂ ಓ ಅನ್ನುತ್ತಾರೆ.

ಉಂಡ ಮೇಲೆ ಜಾಮೀನುದಾರರ ತಲೆ ಓಡತೊಡಗಿತು. ಬನಶಂಕರಿ ಕಾಕು ಮೇಡಂ ಎದುರು ಸೊಂಟಕ್ಕೆ ಕೈ ಇಟ್ಟು ನಿಂತರು.

"ಮೇಡಂ, ಇವಗ ಸಾಲ ಕೊಟ್ರ ನಮ್ಮ ದುಡ್ಡಿಗೆ ಧೋಕಾ ಐತಿ. ಕೊಡದಿದ್ರ ನಾವು ಹಿಟ್ಟ ಹೊತ್ಕೊಂಡ ಅಮೀನಗಡಕ್ಕ ಹೋಗಬೇಕು. ಕೊಡ್ರಿ. ಇಂವ ಮುಳಗದಂಗ ನಾವ ನೋಡ್ಕೋತೇವಿ. ಓಣ್ಯಾಗ ಯಾವಕ್ಯರ ಬ್ಯಾರೆ ಕಡೆ ಶ್ಯಾವಿಗಿ ಮಾಡ್ಸಲಿ, ಕಾಲ ಮುರೀತೇನಿ."

ಹೆಂಗಸರು ಮನೆಗೆ ಓಡಿ ಹಿಟ್ಟಿನ ಡಬ್ಬಿಗಳನ್ನು ಹೊತ್ತು ತಂದು ನಮ್ಮ ಕಟ್ಟೆಯ ಮೇಲೆ ಪಾಳಿಗೆ ಇಟ್ಟರು. ಮಷೀನೇ ಇರಲಿಲ್ಲ, ಪಾಳಿ ಮೂಲೆಯವರೆಗೆ ಹೋಗಿತ್ತು. ಜುಲೇಖಾ ಮೇಡಂ ಆ ಪಾಳಿಯನ್ನು ಫೋನಿನಲ್ಲಿ ಚಿತ್ರ ತೆಗೆದುಕೊಂಡರು.

"ಇಷ್ಟ ಮಂದಿ ಕಣ್ಣಿಟ್ಟ ಸಾಲ ನಾ ನೋಡಿಲ್ಲ. ನಾಳೆ ಬಂದ ಸಹಿ ಮಾಡ್ರಿ," ಎಂದರು. ಹೊರಡುವಾಗ ನನ್ನ ಹತ್ತಿರ ಬಂದು ಮೆಲ್ಲಗೆ, "ಸಹಿ ನೀವೂ ಮಾಡ್ರಿ. ಇಬ್ಬರ ಹೆಸರಲೆ ಇರಲಿ," ಎಂದರು. ನನಗೆ ಅದು ಒಂದು ವಾರ ಕಾಯದೆ ಆಗಲೇ ಹೊಳೆಯಿತು.

ಹಬ್ಬಕ್ಕೆ ಮೊದಲೇ ಮಷೀನು ಬಂತು. ಈಗ ಇವರ ಪಾಡು ಯಾರಿಗೂ ಬೇಡ. ಮೊದಲು ಮಧ್ಯಾಹ್ನ ಒಂದು ನಿದ್ದೆ ತೆಗೆಯುತ್ತಿದ್ದರು. ಈಗ ಕಣ್ಣು ಮುಚ್ಚಿದರೆ ಸಾಕು, ಲಾಡಬಿ ಗೋಡೆಯ ಆಚೆಯಿಂದ: "ಏ ಸೋಮಲಿಂಗಾ, ನನ್ನ ದುಡ್ಡಿನ ಮ್ಯಾಲ ಮಲಗೀಯಲ್ಲ!" ಉದ್ರಿ ಕೊಡಲು ಬಾಯಿ ತೆರೆದರೆ ಕಾಕಾ ಕಟ್ಟೆಯಿಂದ ಕೆಮ್ಮುತ್ತಾರೆ. ಮಷೀನಿಗೆ ಹೆಸರಿಡಲು ಹೋದಾಗ ಇಡೀ ಓಣಿ ಎದ್ದು ಬಂದು ತಡೆಯಿತು. ಬೈಸಿಕೊಂಡು ಒಳಗೆ ಬಂದ ದಿನ ನಾನು ಇವರ ಅನ್ನಕ್ಕೆ ಒಂದು ಚಮಚ ಹೆಚ್ಚು ತುಪ್ಪ ಹಾಕುತ್ತೇನೆ. ಮಕ್ಕಳು ಸಣ್ಣವರಿದ್ದಾಗ ಅವರಿಗೂ ಹಾಗೇ ಮಾಡುತ್ತಿದ್ದೆ.

"ಲಲಿತಾ, ಒಬ್ಬ ಲಕ್ಷ್ಮಪ್ಪ ಇದ್ದಾಗ ಚಲೋ ಇತ್ತಲೇ," ಎಂದು ನಿಟ್ಟುಸಿರು ಬಿಡುತ್ತಾರೆ. ಆದರೆ ಕಂತು ಒಂದೂ ತಪ್ಪಿಲ್ಲ. ಶ್ಯಾವಿಗೆಯೂ ಎಳೆಗೆ ಎಳೆ ಕೂಡದೆ ಚಂದ ಬರುತ್ತಿದೆ.

ನಿನ್ನೆ ಮಧ್ಯಾಹ್ನ ಬಾದಾಮಿಯ ಬಸ್ಸಿನಿಂದ ಒಬ್ಬರು ಇಳಿದು, ಕೇಳುತ್ತ ಕೇಳುತ್ತ ನಮ್ಮ ಬಾಗಿಲಿಗೆ ಬಂದರು. ಧೋತರ, ಟೋಪಿ, ಕೈಯಲ್ಲಿ ಛತ್ರಿ. ಯಾರೆಂದು ನಮಗೆ ಗೊತ್ತಿಲ್ಲ. ಮಷೀನಿನ ಸುತ್ತ ಒಂದು ಸುತ್ತು ಬಂದರು. ಒಣಹಾಕಿದ ಶ್ಯಾವಿಗೆಯ ಒಂದು ಎಳೆ ಮುರಿದು ಬಾಯಿಗೆ ಹಾಕಿಕೊಂಡರು. ಗುಂಡಿ ಒತ್ತಿ ಮಷೀನಿನ ಸದ್ದು ಕೇಳಿ ತಲೆ ಆಡಿಸಿದರು.

"ನೀವು ಯಾರ್ರಿ?" ಇವರು ಕೇಳಿದರು.

"ನಿಮಗ ನನ್ನ ಗುರುತ ಇಲ್ಲ. ಹ್ವಾದ ತಿಂಗಳ ಒಂದ ಟ್ರ್ಯಾಕ್ಟರ ಟ್ರೇಲರ ಕೊಂಡೇನ್ರಿ, ಭಾಳ ತೆರಿಗಿ ಬಿತ್ತು. ನಮ್ಮ ಜಾಮೀನಿಂದು ಹೆಂಗ ನಡದೈತಿ, ಒಮ್ಮಿ ಕಣ್ಣಲೆ ನೋಡಿ ಹೋಗೂಣಂತ ಬಂದೆ." ಅವರು ಟೋಪಿ ತೆಗೆದು, ಛತ್ರಿ ಗೋಡೆಗೆ ಆನಿಸಿ, ಮಣೆಯಿರುವ ಕಡೆ ನೋಡಿದರು. "ಊಟಕ್ಕ ಎಷ್ಟೊತ್ತಿಗೆ ಕೂಡ್ತೀರಿ?"

ನಾನು ಒಳಗೆ ಹೋಗಿ ಹೂರಣಕ್ಕೆ ಬೇಳೆ ಒಲೆಗಿಟ್ಟೆ.